ಮಲ್ಲಟದ ದಿಬ್ಬದ ಗಡಗಿ

ರಾಯಚೂರು
17 ಫೆಬ್ರುವರಿ 2024

ಪ್ರೀತಿಯ ಮೂಕಮ್ಮಕ್ಕಗ ನಿನ್ನ ತಂಗಿ ದುರ್ಗಾಳ ನಮಸ್ಕಾರ.

ದೇವದುರ್ಗದಾಗ ನೀನು, ಮಾವ, ಗೌತಮ ಆರಾಮ ಇದ್ದೀರಂತ ತಿಳ್ಕೊಂಡೀನಿ. ನಮ್ಮ ಕಾಲೇಜಿನ ವಿಚಾರ ಸಂಕಿರಣ ಮುಗದು ಹನ್ನೊಂದು ದಿನ ಆತು. ಹೆಂಗಾತು ಅಂತ ಕೇಳಾಕ ನೀ ಎಷ್ಟು ಸಲ ಫೋನ್ ಮಾಡಿದಿ, ನಾ ಎತ್ತಲಿಲ್ಲ. ಸಿಟ್ಟಾಗಬ್ಯಾಡ. ಬಾಯಿಲೆ ಹೇಳಾಕ ಆಗವಲ್ದು, ಅದಕ್ಕ ಬರಿಯಾಕತ್ತೀನಿ.

ನೀ ಕೊಟ್ಟ ಹಸರು ಸೀರಿನ ಉಟ್ಟಿದ್ದೆ. ಗೆಳತಿ ಸ್ವಪ್ನಾ ನೆರಿಗಿ ಹಿಡದು, "ಇವತ್ತು ನೀನ ದೊಡ್ಡ ಮೇಡಂ" ಅಂದ್ಲು. ನಮ್ಮೂರು ಮಲ್ಲಟದ ಹಿಂದಿನ ದಿಬ್ಬದಾಗ ರಸ್ತೆಗೆ ಹಾಕೋ ಮರಂ ಮಣ್ಣು ತುಂಬಾಕ ಜೆಸಿಬಿ ಹಚ್ಚಿದಾಗ ಒಂದು ಮಣ್ಣಿನ ಗಡಗಿ ಹೊರಗ ಬಿದ್ದಿತ್ತು. ಒಳಗ ಹಸುಗೂಸಿನ ಎಲಬು; ಚೀಲದಾಗ ಹಾಕ್ಕೊಂಡು ಕಾಲೇಜಿಗೆ ತಂದಿಟ್ಟಿದ್ದೆ. ಆ ದಿಬ್ಬದ ತುಂಬ ಹಳೀ ಕಾಲದ ಮಡಿಕಿ ಚೂರು ಇರೋದು ನಿನಗ ಗೊತ್ತದ. ಹಿಂಗಾಗಿ, ಇದು ಮೂರು ಸಾವಿರ ವರ್ಷದ ಹಿಂದಿನ ಕಬ್ಬಿಣ ಯುಗದ ಸಮಾಧಿ ಅಂತ ಪ್ರಬಂಧ ಬರದೆ. ನಮ್ಮ ಗೈಡ್ ಮರಿಸ್ವಾಮಿ ಸರ್ ಅದನ್ನ ಮೂರು ಸಲ ತಿದ್ದಿದ್ರು.

ತಡವರಿಸದ ಓದಿದೆ. ಚಪ್ಪಾಳಿನೂ ಬಿತ್ತು. ಅಷ್ಟರಾಗ ಅಧ್ಯಕ್ಷರಾಗಿ ಬಂದಿದ್ದ ಮೈಸೂರು ಕಡೆಯ ಹಿರಿಯರು ಪರದೆ ಮ್ಯಾಲಿನ ಕೊನೀ ಫೋಟೋ ದೊಡ್ಡದು ಮಾಡಿಸಿದ್ರು.

"ಆ ಕಪ್ಪಗೆ ಕಾಣೋದೇನಮ್ಮ?"

"ಕಲ್ಲಿನ ಮಣಿ ಸರ್."

"ತೊಳೆದು ನೋಡಿದ್ಯಾ?"

ನೋಡಿರಲಿಲ್ಲ, ಯಕ್ಕಾ. ಮಣ್ಣು ಹಂಗ ಇದ್ರ ಹಳೇದು ಕಾಣ್ತದ ಅನ್ನೋ ಆಸೆ ನನ್ನ ಮನಸಿನ್ಯಾಗ ಇತ್ತು.

"ಅದು ಪ್ಲಾಸ್ಟಿಕ್ಕು. ದಾರ ನೈಲಾನಿಂದು."

ಹಿಂದಿನ ಸಾಲಿನ್ಯಾಗಿಂದ ನಮ್ಮ ಕ್ಲಾಸಿನ ಬಸವಪ್ರಸಾದ ಒದರಿದ: "ಸರ್, ಕಬ್ಬಿಣ ಯುಗ ಅಲ್ರೀ, ಪ್ಲಾಸ್ಟಿಕ್ ಯುಗ!" ಇಡೀ ಸಭಾ ಹೊಟ್ಟಿ ಹಿಡ್ಕೊಂಡು ನಕ್ಕಿತು. ಸ್ವಪ್ನಾನೂ ವೇಲು ಬಾಯಿಗೆ ಒತ್ಕೊಂಡು ನಗಾಕತ್ತಿದ್ಲು. ಮರಿಸ್ವಾಮಿ ಸರ್ ಎದ್ದು, "ನನಗ ಇದನ್ನ ತೋರಿಸೇ ಇಲ್ರೀ. ಈ ಮಂದಿಗೆ ಸೀಟು ಸಿಕ್ರ ಸಾಕು, ಓದೋದು ಯಾರಿಗೆ ಬೇಕಾಗೇತಿ?" ಅಂದ್ರು. ಅದಕ್ಕೂ ನಕ್ಕರು.

ಆ ಹಿರಿಯರು ಮೈಕು ಸರಿಸಿ, "ಯಾರ ಮನೆ ಕೂಸೋ ಏನೋ. ಮತ್ತೆ ಹೂಳಿಸಮ್ಮ" ಅಂದದ್ದು ನನಗೊಬ್ಬಾಕಿಗೇ ಕೇಳಿಸ್ತು.

ನಾ ಹೂಳಲಿಲ್ಲ. "ಆ ಹೊಲಸು ಇಲ್ಲಿ ಇಡಬ್ಯಾಡ" ಅಂದ್ರು ಸರ್. ನನ್ನ ಮಾನ ಕಳದದ್ದು ಅದ ಅನಿಸ್ತು. ಎಲಬಿನ ಚೀಲ ಒಯ್ದು ನನ್ನ ಕೈಯಾರೆ ಕಸದ ಗಾಡ್ಯಾಗ ಒಗದೆ.

ಓದು ಬಿಡಾಂಗಿಲ್ಲ, ನೀ ಚಿಂತಿ ಮಾಡಬ್ಯಾಡ. ಮಾವಗ ನಮಸ್ಕಾರ ಹೇಳು. ಗೌತಮ ನೂರು ವರ್ಷ ಬಾಳಲಿ, ನಿನ್ನ ಮಡಿಲು ತಂಪಾಗಿರಲಿ.

ನಿನ್ನ
ದುರ್ಗಾ

ತಾ.ಕ.: ಪತ್ರ ಮಡಚಿದ್ದೆ, ಮತ್ತ ಬಿಚ್ಚೀನಿ. ಹೋದ ಐತವಾರ ಮಲ್ಲಟಕ್ಕ ಹೋಗಿ, ಇದರಿಂದ ಎಲ್ಲಾರೂ ನಕ್ಕರು ಅಂತ ಅಪ್ಪಗ ಫೋಟೋ ತೋರಿಸಿದೆ. ಅಪ್ಪ ಫೋನ್ ಇಸ್ಕೊಂಡು ಆ ಮಣಿ ದೊಡ್ಡದು ಮಾಡಿ ನೋಡಿದ. "ಇದು ನಾ ಹೂಳಿದ ಗಡಗಿ" ಅಂದ. ಒಂಬತ್ತು ವರ್ಷದ ಹಿಂದ ನೀ ಚೊಚ್ಚಲ ಬಾಣಂತನಕ್ಕ ಬಂದಾಗ ಎರಡ ದಿನ ಬದುಕಿತ್ತಲ್ಲ, ನಿನ್ನ ಹೆಣ್ಣು ಕೂಸು. ಮಣಿ ಅವ್ವ ಕಟ್ಟಿದ್ದಂತ. ನಾ ಆಗ ಮಾನ್ವಿ ಹಾಸ್ಟೆಲಿನ್ಯಾಗ ಇದ್ದೆ, ಎಲ್ಲಿ ಹೂಳಿದ್ರಂತ ನನಗ ಗೊತ್ತಿರಲಿಲ್ಲ. "ಎಲ್ಲಿ ಇಟ್ಟೀರಿ, ಒಮ್ಮಿ ತೋರಿಸ್ರಿ" ಅಂತ ನೀ ವರ್ಷಾ ವರ್ಷಾ ಅಳ್ತಿದ್ದಿ. ಹೆತ್ತಾಕಿಗೆ ತೋರಿಸಬಾರದು ಅಂತ ಅಪ್ಪ ಬಾಯಿ ಬಿಟ್ಟಿರಲಿಲ್ಲ. ಅವತ್ತು ಅವನ ಅಂದ: "ಎಲಬು ತಗೊಂಡು ಬಾ, ಅಲ್ಲೇ ಮಣ್ಣು ಮಾಡೂನು. ಈ ಸಲ ಮೂಕಮ್ಮನ್ನ ಕರಸಿ ಜಾಗ ತೋರಸ್ತೀನಿ." ನಾ "ಹೂಂ" ಅಂದು ಬಂದೀನಿ.

ಇಲ್ಲಿ ರಾಯಚೂರಿನ ಹೊರಗ ಕಸ ಸುರಿಯೋ ಜಾಗದಾಗ ಐದು ದಿನದಿಂದ ಹುಡುಕಾಕತ್ತೀನಿ, ಯಕ್ಕಾ. ಅಪ್ಪ ಕರದ್ರ ಈಗ ಬರಬ್ಯಾಡ.