ಸ್ನಾನದ ಮೇಲಿನ ಸುಸ್ತು

ಮಾರ್ಚ್ 2, ಶನಿವಾರ

ದೊರೆಗೆ ಸ್ನಾನ ಆಯಿತು. ಅಪ್ಪ ತೀರಿಕೊಂಡ ಮೇಲೆ ಇದೇ ಮೊದಲು. ಹಿತ್ತಿಲ ಕಲ್ಲಿನ ಮೇಲೆ ನಿಲ್ಲಿಸಿ ಬಿಸಿನೀರು, ಶಾಂಪೂ. ಮುದಿ ನಾಯಿ, ಮಿಸುಕಲಿಲ್ಲ. ಟವೆಲಿನಲ್ಲಿ ಒರೆಸಿ, ಹಾಗೇ ಬಿಟ್ಟು ಲೈಬ್ರರಿಗೆ ಓಡಿದೆ, ಡ್ಯೂಟಿಗೆ ಹೊತ್ತಾಗಿತ್ತು.

ಸಂಜೆ ಬಂದರೆ ಕಲ್ಲಿನ ಮೇಲೇ ಕುಸಿದು ಬಿದ್ದಿದೆ. ತಟ್ಟೆ ಮುಟ್ಟಿಲ್ಲ.

"ಚಿಕ್ಕವರಿದ್ದಾಗ ಸ್ನಾನ ಆದ್ರೆ ನಿಮಗಿಬ್ಬರಿಗೂ ಹಿಂಗೇ ಆಗ್ತಿತ್ತು," ಅಂದಳು ಅಮ್ಮ. "ತಲೆ ಒರೆಸೋಷ್ಟರಲ್ಲಿ ತೊಡೆ ಮೇಲೇ ಗೊರಕೆ."

ಒದ್ದೆ ಕೂದಲಲ್ಲಿ ಅಮ್ಮನ ಬೆರಳು, ಕಿಟಕಿಯ ಬಿಸಿಲು... ಅಂಥ ನಿದ್ದೆ ಮತ್ತೆ ಬರಲೇ ಇಲ್ಲ.

ಮಾರ್ಚ್ 4, ಸೋಮವಾರ

ಇನ್ನೂ ಕಾಲೆಳೆಯುತ್ತಿದೆ. ನಾಯಿ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಬಿಸಿನೀರಿಗೆ ಮೈ ಸಡಿಲ ಆಗುತ್ತದಂತೆ, ಹೆದರಿಕೆಗೆ ನಾಯಿಗಳು ಬಿಗಿ ಹಿಡಿದು ನಿಂತು ದಣಿಯುತ್ತವಂತೆ. "ಆದರೆ ಒಂದು ನಿದ್ದೆ ಮಾಡಿದ್ರೆ ಸುಸ್ತು ಇಳೀಬೇಕು. ಇದು ಜಾಸ್ತಿಯಾಯ್ತು." ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ. ವಯಸ್ಸು, ಅಂದರು.

ಮಾರ್ಚ್ 23, ಶನಿವಾರ

ಮತ್ತೆ ಸ್ನಾನ. ಮತ್ತೆ ಅದೇ. ಈ ಸಲ ಹಿಂಗಾಲು ನೆಟ್ಟಗೆ ನಿಲ್ಲುತ್ತಲೇ ಇಲ್ಲ.

ಮೇಲಿನ ಮನೆಯಿಂದ ತಮ್ಮ ಇಳಿದು ಬಂದ. "ಒಂದು ಸ್ನಾನ ತಡ್ಕೊಳಲ್ಲ ಅಂದ್ರೆ ಇನ್ನೇನು ಉಳಿದಿದೆ ಅಕ್ಕ? ನರಳಿಸೋದು ಬೇಡ. ಒಂದನೇ ತಾರೀಕು ಇಂಜೆಕ್ಷನ್ ಕೊಡಿಸಿ ಕಳಿಸಿಬಿಡೋಣ."

ಅಮ್ಮ ಹೊಸಿಲ ಒಳಗೇ ನಿಂತು ಕೇಳಿಸಿಕೊಂಡಳು. ಅಪ್ಪ ಹೋದಂದಿನಿಂದ ಹಿತ್ತಿಲಿಗೆ ಕಾಲಿಡುವುದನ್ನೇ ಬಿಟ್ಟಿದ್ದಾಳೆ.

ಮಾರ್ಚ್ 31, ಭಾನುವಾರ, ಮಧ್ಯಾಹ್ನ

ನಾಳೆ ಒಂದನೇ ತಾರೀಕು. ಕೊಳಕಾಗಿ ಕಳಿಸಲು ಮನಸ್ಸಾಗದೆ ಬೆಳಿಗ್ಗೆ ಸ್ನಾನ ಮಾಡಿಸಿದೆ. ರಜೆ. ಕವಿತೆಯ ಪುಸ್ತಕ ಹಿಡಿದು ಹತ್ತಿರವೇ ಕೂತೆ. ಎಷ್ಟೋ ಪುಟ ಓದಿ ತಲೆ ಎತ್ತಿದರೆ — ದೊರೆ ಇನ್ನೂ ಕಲ್ಲಿನ ಮೇಲೇ ನಿಂತಿದೆ. ಮೈ ಒಣಗಿದೆ. ಮೊಣಕಾಲು ನಡುಗುತ್ತಿದೆ. ನನ್ನನ್ನೇ ನೋಡುತ್ತಿದೆ.

ಅಡುಗೆಮನೆ ಕಿಟಕಿಯಿಂದ ಅಮ್ಮ: "ಯಾಕೇ ಇನ್ನೂ ನಿಂತಿದೆ? ಅಪ್ಪಣೆ ಕೊಡಲಿಲ್ವಾ?"

ಆಗ ನೆನಪಾಯಿತು. ಮರಿಯಾಗಿದ್ದಾಗ ಸೋಪಿನ ಮೈಯಲ್ಲೇ ಮನೆಯೆಲ್ಲ ಓಡುತ್ತಿತ್ತು. ಹೇಳುವ ತನಕ ಕಲ್ಲಿನಿಂದ ಇಳಿಯಕೂಡದು ಅಂತ ಅಪ್ಪ ಕಲಿಸಿದ್ದರು. ಕೊನೆಗೆ ಬೆನ್ನು ತಟ್ಟಿ, ನಾಟಕದವರ ಹಾಗೆ, "ದೊರೆಗಳ ಸವಾರಿ ಹೊರಡಲಿ!" ಅದು ಹಿತ್ತಿಲೆಲ್ಲ ಹುಚ್ಚೆದ್ದು ಸುತ್ತಿ, ಬಿಸಿಲಲ್ಲಿ ಬಿದ್ದು ನಿದ್ದೆ. ನಾವು ನಗುತ್ತಿದ್ದೆವು. ನಮಗೆ ತಮಾಷೆ, ಅದಕ್ಕೆ ಶಾಸನ. ನಾನು ಬಾಗಿಲು ಹಾಕಿಕೊಂಡು ಹೋದ ಆ ಎರಡು ಶನಿವಾರವೂ, ಬೀಳುವ ತನಕ, ಹೀಗೇ...

ಬೆನ್ನು ತಟ್ಟಿ ಹೇಳಿದೆ. ಕಿವಿ ನಿಮಿರಿತು. ಕಾಲು ಕದಲಲಿಲ್ಲ.

"ಅದು ಲೈಬ್ರರಿ ದನಿ ಕಣೇ. ಅದಕ್ಕೆ ಯಾವ ದೊರೆ ಹೊರಡ್ತಾನೆ?"

"ಹಂಗಾದ್ರೆ ನೀನೇ ಬಾಮ್ಮಾ."

"ಅದು ಅವರ ಮಾತು. ನನ್ನ ಬಾಯಲ್ಲಿ ಬರಲ್ಲ."

"ಕಾಲು ನೋಡು ಅದರದು."

ಕಿಟಕಿಯಿಂದ ಅಮ್ಮನ ಮುಖ ಸರಿಯಿತು. ಆಮೇಲೆ ಹಿತ್ತಿಲ ಬಾಗಿಲ ಚಿಲಕ ಸದ್ದಾಯಿತು. ಅಮ್ಮ ಬರಿಗಾಲಲ್ಲಿ ಬಂದಳು. ಅಪ್ಪ ಎಳೆಯುತ್ತಿದ್ದ ಹಾಗೇ ಎಳೆದಳು: "ದೊರೆಗಳ ಸವಾರಿ ಹೊರಡ... ಲಿ." ನಡುವೆ ದನಿ ಒಡೆಯಿತು.

ದೊರೆ ಇಳಿಯಿತು. ಓಡುವ ಕಾಲವಲ್ಲ, ಅರ್ಧ ಸುತ್ತು ನಡೆದು ಅಮ್ಮನ ಪಾದದ ಹತ್ತಿರ ಮಲಗಿ ನಿಟ್ಟುಸಿರು ಬಿಟ್ಟಿತು.

ಸಂಜೆ

ದೊರೆ ಎದ್ದು ತಟ್ಟೆ ಖಾಲಿ ಮಾಡಿದೆ. ನೆಟ್ಟಗೆ ನಡೆಯುತ್ತಿದೆ. ನಾಳೆಯ ಹೊತ್ತು ಕೇಳಲು ಬಂದ ತಮ್ಮನಿಗೆ ಅಮ್ಮ, "ನಾಳೆ ಯಾರೂ ಎಲ್ಲಿಗೂ ಹೋಗಲ್ಲ. ಮೇಲೆ ಹೋಗಿ ನಿನ್ನ ಕೆಲಸ ನೋಡ್ಕೋ." ಅವನು ನನ್ನ ಮುಖ ನೋಡಿದ. ನಾನು ನಕ್ಕೆ.

ಬೆಳಕು ಹೋಗುತ್ತಿದೆ. ಅಮ್ಮ ಇನ್ನೂ ಹಿತ್ತಿಲಲ್ಲೇ. ಒಳಗೆ ಬಾ ಅಂದೆ.

"ಆಸ್ಪತ್ರೆಯಲ್ಲಿ ಕಡೇ ದಿನ ನನ್ನನ್ನೇ ನೋಡ್ತಾ ಇದ್ರು ಕಣೇ. ಏನು ಬೇಕು ಅಂತ ಕೇಳ್ತಾನೇ ಇದ್ದೆ. ಅವರಿಗೂ ನಾನು ಅಪ್ಪಣೆ..."

ಹೋಗಿ ಪಕ್ಕದಲ್ಲಿ ಕೂತೆ. ಕೈ ಹಿಡಿದರೆ ತಣ್ಣಗಿತ್ತು. ಮೆಲ್ಲಗೆ ಅವಳ ಬೆನ್ನು ತಟ್ಟಿದೆ.