ಶರ್ಟಿನ ತೋಳು

ಜುಲೈ ೧೪, ಸೋಮವಾರ.

ಮಗಳು ಪ್ರೇರಣಾ ಕೊನೆಗೂ ಕನ್ನಡಕ ಹಾಕಿಕೊಂಡಳು. ಮೂರು ತಿಂಗಳು ನಾನು ಬೇಡಿಕೊಂಡರೂ, "ಕ್ಲಾಸಲ್ಲಿ ಆಂಟಿ ಅಂತಾರಪ್ಪ" ಎಂದು ಅಳುತ್ತಿದ್ದವಳು. ಮೊನ್ನೆ ಕೆಳಗಿನ ಮನೆಯ ಶಿಲ್ಪಶ್ರೀ ತನ್ನದನ್ನೇ ಇವಳ ಮೂಗಿನ ಮೇಲಿಟ್ಟು, "ಸಖತ್ತಾಗಿದೀಯ ಕಣೇ" ಎಂದಳು. ಅಷ್ಟಕ್ಕೇ ಒಪ್ಪಿಬಿಟ್ಟಳು! ನನ್ನ ಹೊಟ್ಟೆ ಉರಿಯಿತು. ಇದು ಜೆಲಸಿಯೋ, ಎನ್ವಿಯೋ? ಕಾಲೇಜಿನಲ್ಲಿ ವ್ಯತ್ಯಾಸ ಹೇಳಿಕೊಟ್ಟಿದ್ದರು, ಮರೆತಿದೆ.

ಅವಳಮ್ಮ ತೀರಿಕೊಂಡ ಮೇಲೆ, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಶರ್ಟಿನ ತೋಳು ಹಿಡಿದು, "ಯಾವ ಬಸ್ಸಪ್ಪಾ?" ಎನ್ನುತ್ತಿದ್ದಳು. ಬೋರ್ಡು ಓದಿ ಹೇಳುವುದು ನನ್ನ ಕೆಲಸ. ಇಂದು, "ಅಂಜನಾಪುರದ್ದು ಬಂತು, ಬೇಗ ಬಾಪ್ಪಾ!" ಎಂದು ತಾನೇ ಓದಿ ಮುಂದೆ ಓಡಿದಳು.

ಈಗ ಶಿಲ್ಪಶ್ರೀಯ ಮೇಲಲ್ಲ, ಆ ಕನ್ನಡಕದ ಮೇಲೇ ಹೊಟ್ಟೆಕಿಚ್ಚು. ಸಂತೋಷವೂ ಆಯಿತು, ಸುಳ್ಳಲ್ಲ. ಆದರೂ ಬಸ್ಸು ಹತ್ತುವವರೆಗೂ ಆ ತೋಳನ್ನು ಸ್ವಲ್ಪ ಚಾಚಿಕೊಂಡೇ ಇದ್ದೆ.