ಒಂದೇ ತೋಟದ ಪುಡಿಗೆ ಅಪ್ಪನ ತೀರ್ಪು

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕಾಫಿ ಹುರಿಯುವ ಯಂತ್ರಕ್ಕೆ ಕೈ ತಾಗಿಸಿಕೊಂಡು ಸುಟ್ಟುಕೊಂಡೆಯಂತೆ, ವಾಸಿಯಾಯಿತೇ? ಇಲ್ಲಿ ಎಲ್ಲರೂ ಸೌಖ್ಯ. ನೀನು ಕಳಿಸಿದ ಕಾಫಿಪುಡಿ ನಿನ್ನೆ ಕೈಸೇರಿತು. ಒಂದೇ ತೋಟದ ಬೀಜ, ಬೇರೇನೂ ಬೆರೆಸಿಲ್ಲ, ಅಪ್ಪನೇ ಕುಡಿದು ಹೇಳಲಿ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ಅವರ ಕಾಲು ನೆಲದ ಮೇಲೆ ನಿಂತಿಲ್ಲ. ಕಂಪನಿಯಲ್ಲಿ ಕಾಫಿ ರುಚಿ ನೋಡುವ ಕೆಲಸದಿಂದ ನಿವೃತ್ತರಾದ ಮೇಲೆ ಅವರನ್ನು ಕೇಳುವವರೇ ಇರಲಿಲ್ಲ, ನೋಡು. "ಅವನು ಆ ತೋಟದ ಇಡೀ ಬೆಳೆಗೆ ಮುಂಗಡ ಕೊಡೋದು ನನ್ನ ಮಾತಿನ ಮೇಲೆ. ಯಾರೂ ಗಲಾಟೆ ಮಾಡ್ಬೇಡಿ" ಎಂದು ಬೆಳಗ್ಗೆಯೇ ಅಡುಗೆಮನೆಯ ಮೇಜಿಗೆ ಕೂತರು. ಹಾಲಿಲ್ಲ, ಸಕ್ಕರೆಯಿಲ್ಲ. ಪುಡಿಗೆ ಬಿಸಿನೀರು ಸುರಿದು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಸರಿಸಿ, ಲೋಟಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ಸೊರ್ರನೆ ಎಳೆದು ಬಾಯಲ್ಲೇ ಆಡಿಸಿದರು. ಅಮ್ಮನೂ ನಾನೂ ಒಂದೊಂದು ಗುಟುಕು ಕುಡಿದು ಉಸಿರು ಬಿಗಿಹಿಡಿದು ನಿಂತೆವು. "ಶುದ್ಧವಾಗಿದೆ. ಹೂವಿನ ಪರಿಮಳ, ಕೊನೇಲಿ ಸಣ್ಣ ಹುಳಿ. ತಗೋ ಅಂತ ಬರಿ" ಎಂದರು. ಅಮ್ಮ ತನ್ನ ಲೋಟವನ್ನು ಪಕ್ಕಕ್ಕಿಟ್ಟಳು. ಅಪ್ಪ ಈಗ ನನ್ನ ಎದುರಿಗೇ ಕೂತಿದ್ದಾರೆ, ಲಕೋಟೆ ಅಂಟಿಸುವ ಮೊದಲು ಓದಬೇಕಂತೆ. ಅತ್ತಿಗೆಗೆ ನನ್ನ ನೆನಪು ಹೇಳು, ಪುಟ್ಟನಿಗೆ ಒಂದು ಮುತ್ತು.

ನಿನ್ನ ತಂಗಿ

ತಾ.ಕ.: ಅಪ್ಪ ಓದಿ ಸ್ನಾನಕ್ಕೆ ಹೋದರು. ಅವಸರದಲ್ಲಿ ಬರೆಯುತ್ತಿದ್ದೇನೆ. ಅಣ್ಣಾ, ಮುಂಗಡ ಕೊಡಬೇಡ. ಪುಡಿಯಲ್ಲಿ ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ. ನನಗೂ ಬಡಿಯಿತು, ಅಮ್ಮನಿಗೂ. ಅಪ್ಪ ಇನ್ನೂ ಹೊಗಳುತ್ತಿದ್ದಾಗಲೇ ಅವರ ಬೆನ್ನ ಹಿಂದೆ ಒಲೆ ಪಕ್ಕದ ಮಸಿಬಟ್ಟೆಗೆ ಬೆಂಕಿ ತಗುಲಿ, ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅವರು ತಿರುಗಿಯೂ ನೋಡಲಿಲ್ಲ. ನಾನು ಓಡಿ ನೀರು ಸುರಿದ ಸದ್ದಿಗೆ ಬೆಚ್ಚಿ, "ಏನಾಯ್ತೇ?" ಎಂದರು. ಹೋದ ವರ್ಷದ ಜ್ವರದ ನಂತರ ಅವರಿಗೆ ವಾಸನೆಯೇ ತಿಳಿಯುತ್ತಿಲ್ಲ. "ಗೊತ್ತಿದ್ರೂ ಗೊತ್ತಿಲ್ಲದ ಹಾಗಿದ್ದೀನಿ ಕಣೇ. ಬಾಯಿಬಿಟ್ರೆ ಮನುಷ್ಯ ಕುಸಿದು ಹೋಗ್ತಾರೆ" ಎಂದು ಅಮ್ಮ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ಇವತ್ತು ಬಟ್ಟೆ, ನಾಳೆ ಗ್ಯಾಸ್ ಸೋರಿದರೆ? ಫೋನಿನಲ್ಲಿ ಏನೂ ಕೇಳಬೇಡ, ನೀನೇ ಬಂದುಬಿಡು.

ಇಷ್ಟು ಬರೆಯುವಷ್ಟರಲ್ಲಿ ಅಪ್ಪ ಬಚ್ಚಲಿನಿಂದಲೇ ಕೂಗಿದರು: "ಲಕೋಟೆ ಅಂಟಿಸ್ಬೇಡ. ಪುಡಿ ವಾಸನೆ ನಿಮ್ಮಮ್ಮನಿಗೆ ಹೇಗನ್ನಿಸ್ತು ಕೇಳಿ, ಅದನ್ನೂ ಬರಿ." ಅವರ ದನಿ ಹಾಗೆ ನಡುಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.